ಬಾಯಿ ತೆಗಿ, ಕಾಳ್ಯಾ

ನಾಯಿಮರಿ ತಂದವರೆಲ್ಲ ಮೊದಲು ಅದಕ್ಕೆ ಶೇಕ್ ಹ್ಯಾಂಡ್ ಕಲಿಸುತ್ತಾರೆ. ನಾನು ಬಾಯಿ ತೆಗೆಯೋದು ಕಲಿಸಿದೆ. ಕಾಳ್ಯಾ ಮುಧೋಳ ತಳಿ, ಮೂತಿ ಉದ್ದ. ಆ ಮೂತಿಯಲ್ಲಿ ಮೇಲಿನ ದವಡೆ ಒಂಚೂರು ಜಾಸ್ತಿನೇ ಮುಂದೆ ಬಂದಿದೆ ಅಂತ ನನ್ನ ಕಣ್ಣಿಗೆ ಬಿದ್ದಿದ್ದೇ ತಡ, ದಿನಾ ಎದ್ದ ಕೂಡಲೇ, ನನ್ನ ಹಲ್ಲುಜ್ಜುವ ಮೊದಲೇ, ಅದರ ತುಟಿ ಎತ್ತಿ ನೋಡುವ ಚಾಳಿ ಅಂಟಿತು.

ನಮ್ಮದು ಕೊಪ್ಪಳ. ಇಲ್ಲಿ ಓಣಿಗೆ ಗೊತ್ತಾಗದ ಚಿಂತೆ ಇರೋದಿಲ್ಲ. ಮಿರ್ಚಿ ಬಂಡಿಯ ಕಾಕಾ "ದವಡಿಗೆ ದಿನಾ ಎಣ್ಣಿ ತಿಕ್ಕ್ರೀ ಸರ, ಕೂಡತೈತಿ" ಅಂದರು. ಅವ್ವನ ಮಾತು ಬೇರೆ. "ಅದಕ್ಕೇನು ಹೆಣ್ಣು ಕೊಡಾಕ ಬರ್ತಾರೇನೋ? ನಿನ್ನ ಹಲ್ಲೂ ಸಣ್ಣಾಂವ ಇದ್ದಾಗ ಮುಂದ ಇದ್ವು. ಯಾರರ ತುಟಿ ಎತ್ತಿ ನೋಡಿದ್ರೇನು?"

ದನದ ದವಾಖಾನೆಯ ಡಾಕ್ಟರು ಒಂದು ಎಮ್ಮೆ ಮುಗಿಸಿ ನಮ್ಮ ಕಡೆ ಬಂದರು. ಮೇಲಿನ ಮುಂದಿನ ಹಲ್ಲು ಕೆಳಗಿನದರ ಮುಂದೆ ಒತ್ತಿ ಕೂತರೆ ಅದು ಕತ್ತರಿ ಕಚ್ಚು, ಹಾಗಿರಬೇಕು. ಆದರೆ ಎರಡೂ ದವಡೆ ಒಂದೇ ವೇಗದಲ್ಲಿ ಬೆಳೆಯೋದಿಲ್ಲವಂತೆ, ಒಮ್ಮೆ ಇದು ಮುಂದೆ, ಒಮ್ಮೆ ಅದು. 28 ಹಾಲುಹಲ್ಲು ಬಿದ್ದು 42 ಬರಬೇಕು, ಆರೇಳು ತಿಂಗಳು ತುಂಬೋವರೆಗೆ ಸುಮ್ನಿರಿ ಅಂದರು. ಕೆಳಗಿನ ಕೋರೆಹಲ್ಲು ಬಾಯಿಯ ಮೇಲಿನ ಅಂಗುಳಕ್ಕೆ ಚುಚ್ಚಿದರೆ, ಇಲ್ಲವೇ ಹಳೇದು ಬೀಳದೆ ಅದರ ಪಕ್ಕದಲ್ಲೇ ಹೊಸದು ಬಂದರೆ ಮಾತ್ರ ತಡ ಮಾಡದೆ ಬರಬೇಕು.

ಸುಮ್ನಿರೋದು ಹೇಗೆ? ಅಷ್ಟರಲ್ಲಿ ಒಸಡು ಕಡಿತ ಶುರುವಾಗಿ ಕಾಳ್ಯಾ ಶೋಕೇಸಿನ ಕಿನ್ನಾಳ ಆನೆಗೆ ಬಾಯಿ ಹಾಕಿದ. ಹಗುರ ಕಟ್ಟಿಗೆ, ಸೊಂಡಿಲು ಒಂದೇ ಏಟಿಗೆ ಹೋಯ್ತು. ಹೆಂಡತಿ ಬೈಯುತ್ತಿದ್ದಳು, ನಾನು ಸ್ಕೇಲ್ ಹಿಡಿದು ಆನೆಯ ಬೆನ್ನ ಮೇಲಿನ ಹಲ್ಲಿನ ಗುರುತು ಅಳೆಯುತ್ತಿದ್ದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅಂತರ ಕಡಿಮೆಯಾದ ಹಾಗೆ ಕಂಡು ಎಷ್ಟು ಖುಷಿಯಾಯಿತು ಅಂದರೆ, ಅವಳ ಅರ್ಧ ಬೈಗುಳ ಕೇಳಿಸಲೇ ಇಲ್ಲ.

ದವಡೆ ಕೊನೆಗೆ ತಾನೇ ಕೂಡಿತು. ಒಂದು ಹಾಲಿನ ಕೋರೆ ಮಾತ್ರ ಹಟ ಹಿಡಿದು ಕೂತಿತ್ತು, ಮಂಪರು ಕೊಟ್ಟು ಕಿತ್ತರು. ಉಳಿದ ಹಲ್ಲು ಎಲ್ಲಿ ಬಿದ್ದವೋ ಏನೋ, ಬಹಳಷ್ಟನ್ನು ಅದೇ ನುಂಗಿರಬೇಕು.

ಮೊನ್ನೆ ಮಿರ್ಚಿ ಕಾಕಾ ಮಗಳ ಮನೆಯ ಪಗ್ ಎತ್ತಿಕೊಂಡು ಬಂದಿದ್ದರು. "ಇದರ ಕೆಳಗಿನ ದವಡಿ ಮುಂದ ಬಂದೈತ್ರೀ, ನೋಡ್ರಿ ಸ್ವಲ್ಪ." ನೋಡಿದೆ. ಪಗ್‌ಗೆ ಹಾಗೇ ಇರಬೇಕು ಅಂದೆ. ಎಣ್ಣೆ ತಿಕ್ಕೋದು ಬೇಡ ಅಂತಲೂ ಹೇಳಿದೆ. ಫೀಸು ಒಂದು ಪ್ಲೇಟ್ ಮಿರ್ಚಿ, ಒಗ್ಗರಣೆ ಸಮೇತ.