ಸಿಪ್ಪೆ ಕೇಕಿಗೆ, ಹಣ್ಣು ಯಾರಿಗೆ?

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಸಿಹಿ ಅಂದರೆ ಸಿಹಿ. ಅದರಲ್ಲಿ ಎರಡು ಮಾತಿಲ್ಲ. ಹಾಲನ್ನು ಗಂಟೆಗಟ್ಟಲೆ ಕಾಯಿಸಿ, ಖೋವಾ ಮಾಡಿ, ಅದನ್ನು ಮತ್ತೆ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿ ಪೇಢೆ ಮಾಡುವ ಜನ ನಾವು. ಇಂಥ ಸೀಮೆಯಲ್ಲಿ ಯಾರಾದರೂ ಸಿಹಿತಿಂಡಿಗೆ ಲಿಂಬೆಹಣ್ಣು ಹಿಂಡುತ್ತೇನೆ ಅಂತ ಹೊರಟರೆ, ಮನೆಯವರು ಮೊದಲು ಹಣೆ ಮುಟ್ಟಿ ನೋಡುತ್ತಾರೆ.

ನಮ್ಮ ಮನೆಯಲ್ಲಿ ಹಾಗೆ ಹೊರಟವಳು ಮಗಳು. ಪಿಯುಸಿ ಪರೀಕ್ಷೆ ಮುಗಿದಿತ್ತು. ಫಲಿತಾಂಶ ಬಂದಿರಲಿಲ್ಲ. ಈ ನಡುವಿನ ದಿನಗಳಲ್ಲಿ ಮಕ್ಕಳ ಕೈಗೆ ಫೋನು ಮತ್ತು ಮನೆಯವರ ಅನುಕಂಪ ಎರಡೂ ಜಾಸ್ತಿ ಸಿಗುತ್ತವೆ. ಯಾವುದೋ ದೂರದೇಶದ ಹೆಂಗಸು ಲಿಂಬೆ ಮಫಿನ್ ಮಾಡುವ ವಿಡಿಯೋ ನೋಡಿದಳು. ನನಗೂ ತೋರಿಸಿದಳು. ಆ ಹೆಂಗಸಿನ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಇಲ್ಲ, ಹಾಲಿನವನ ಗಂಟೆ ಇಲ್ಲ, ಮುಖ್ಯವಾಗಿ ಅತ್ತೆ ಇಲ್ಲ, ಅಜ್ಜಿ ಇಲ್ಲ. ಕೇಕು ಉಬ್ಬದೆ ಇನ್ನೇನು ಮಾಡೀತು?

ಸಾಮಾನು ತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಮಫಿನ್ ಅಚ್ಚು ಬೇಕಿತ್ತು. ಜಗತ್ತಿನಲ್ಲೇ ಅತಿ ಉದ್ದದ, 1507 ಮೀಟರ್‌ನ ರೈಲ್ವೆ ಪ್ಲಾಟ್‌ಫಾರ್ಮ್ ಇರುವ ಊರು ನಮ್ಮದು. ಆದರೆ ಅವತ್ತು ದುರ್ಗದ ಬೈಲಿನ ಸುತ್ತ ನಾನು ಹೊಕ್ಕ ಅಂಗಡಿಗಳಲ್ಲಿ ಅಂಗೈಯಗಲದ ಒಂದು ಮಫಿನ್ ಅಚ್ಚು ಇರಲಿಲ್ಲ. ಪಾತ್ರೆ ಅಂಗಡಿಯವರು ಮಾತ್ರ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಪೈಕಿ ಅಲ್ಲ.

"ಇಡ್ಲಿ ತಟ್ಟಿ ಒಯ್ರಿ ಸರ. ಅದೂ ಗುಂಡಗ ಐತಿ, ಅದೂ ಉಬ್ಬತೈತಿ."

ತರ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಕೊನೆಗೆ ಮನೆಯಲ್ಲಿದ್ದ ಸ್ಟೀಲ್ ವಾಟಿಗಳೇ ಸಾಕು ಅಂತ ಮಗಳು ಫೋನಿನಲ್ಲಿ ರಾಜಿಯಾದಳು.

ಆಮೇಲೆ ಲಿಂಬೆಹಣ್ಣು. ಸಿಪ್ಪೆಯ ಮೇಲೆ ಕಲೆ ಇರಬಾರದು, ಹಸಿರು ಕಳೆದು ಹಳದಿಗೆ ತಿರುಗಿರಬೇಕು, ಮೇಣ ಹಚ್ಚಿರಬಾರದು ಅಂತ ಅಪ್ಪಣೆಯಾಗಿತ್ತು. ಒಂದೊಂದೇ ಹಣ್ಣು ಎತ್ತಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ ನನ್ನನ್ನು ಮಾರುವವಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

"ಎಲ್ಲಾರೂ ರಸ ನೋಡಿ ಒಯ್ತಾರ್ರೀ ಅಣ್ಣಾರ. ನೀವು ಸಿಪ್ಪಿ ನೋಡಾಕತ್ತೀರಿ. ಅಮವಾಸಿ ಪೂಜಾಕ್ಕೇನು?"

ಹೂಂ ಅಂದೆ. ಸಂತೆಯಲ್ಲಿ ನಿಂತು ಮಫಿನ್ ಬಗ್ಗೆ ವಿವರಿಸುವ ಧೈರ್ಯ ನನಗಿಲ್ಲ.

ಸಿಪ್ಪೆಯ ವಿಷಯ ಇಷ್ಟು. ಲಿಂಬೆಯ ಘಮ ಇರುವುದು ಹೆಚ್ಚಾಗಿ ಸಿಪ್ಪೆಯ ಮೇಲಿನ ಬಣ್ಣದ ಪದರದಲ್ಲಿ, ಅದರೊಳಗಿನ ಎಣ್ಣೆಯಲ್ಲಿ. ರಸ ಕೊಡುವುದು ಮುಖ್ಯವಾಗಿ ಹುಳಿ. ಸಣ್ಣವರಿದ್ದಾಗ ಸಂತ್ರಿ ಸಿಪ್ಪೆ ಮಡಚಿ ತಮ್ಮನ ಕಣ್ಣಿಗೆ ಚಿಮ್ಮಿಸಿ ಅಪ್ಪನ ಕೈಲಿ ಏಟು ತಿಂದವರಿಗೆಲ್ಲ ಈ ಎಣ್ಣೆಯ ಪರಿಚಯ ಇದ್ದೇ ಇರುತ್ತದೆ. ಅದನ್ನೇ ದೀಪದ ಕುಡಿಗೆ ಚಿಮ್ಮಿಸಿದರೆ ಚಟಪಟ ಕಿಡಿ ಹಾರುತ್ತದೆ. ಕೇಕಿಗೆ ಬೇಕಾದದ್ದು ಆ ಎಣ್ಣೆ. ಆದರೆ ಬಣ್ಣದ ಪದರದ ಕೆಳಗಿನ ಬಿಳಿ ಭಾಗ ಕಹಿ. ಅದು ಬರದ ಹಾಗೆ ಮೇಲಿನ ಪದರವನ್ನಷ್ಟೇ ತುರಿಯಬೇಕು.

ವಿಡಿಯೋದ ಹೆಂಗಸಿನ ಕೈಯಲ್ಲಿದ್ದದ್ದು ದಪ್ಪ ಸಿಪ್ಪೆಯ, ಮುಷ್ಟಿಗಾತ್ರದ ಹಣ್ಣು. 2 ಹಣ್ಣಿಗೆ ಅವಳ ತಟ್ಟೆ ತುಂಬಿತು. ನಮ್ಮದು ಇಂಡಿ ಕಡೆಯ ಲಿಂಬೆ. ಇಂಥ ಊರಿನದೇ ಬೆಳೆ ಅನ್ನುವ ಜಿಐ ಟ್ಯಾಗ್ ಪಡೆದ ಹಣ್ಣು, ತೆಳು ಸಿಪ್ಪೆ, ಒಳಗೆಲ್ಲ ರಸ. ಅದನ್ನು ತುರಿಮಣೆಗೆ ಎರಡು ಸಲ ಉಜ್ಜಿದರೆ ಬಿಳಿ ಬಂತು, ಮೂರನೇ ಸಲ ಉಜ್ಜಿದರೆ ಬೆರಳಿನ ಗಿಣ್ಣು ಬಂತು. 8 ಹಣ್ಣು ಬೋಳಾದರೂ ತುರಿ ಎರಡು ಚಮಚ ಮೀರಲಿಲ್ಲ. ಸಂತ್ರಿ ಹಣ್ಣನ್ನೂ ಒಂದು ಕೈ ನೋಡಿದಳು. ನಾಗಪುರ ಸಂತ್ರಿಯ ಸಿಪ್ಪೆ ಮೊದಲೇ ಸಡಿಲ, ತುರಿಮಣೆಗೆ ತಾಗಿದ ಕೂಡಲೇ ಅಂಗಿ ಬಿಚ್ಚಿ ಕೈಗೆ ಬಂತು. ಮೋಸಂಬಿ ಒಂದೇ ಸ್ವಲ್ಪ ಮರ್ಯಾದೆಯಿಂದ ನಡೆದುಕೊಂಡಿತು.

ಈ ಹೊತ್ತಿಗೆ ಅವ್ವ ಒಳಗೆ ಬಂದಳು.

"ಏನವಾ ಯವ್ವಾ ಇದು? ಹಣ್ಣು ಬಿಟ್ಟು ಸಿಪ್ಪಿ ಯಾಕ ತುರಿಯಾಕತ್ತಿ?"

"ಕೇಕಿಗೆ ಸಿಪ್ಪೀನ ಬೇಕು ಆಯಿ."

"ಮತ್ತ ಹಣ್ಣು?"

"ಅದು ಸ್ವಲ್ಪ ಸಾಕು."

ಅವ್ವ ನನ್ನ ಕಡೆ ತಿರುಗಿದಳು. "ಹಣ್ಣು ಬಿಟ್ಟು ಸಿಪ್ಪಿ ತಿನ್ನೋದು ನಮ್ಮ ಹಳ್ಳಿ ಮನಿ ಎಮ್ಮಿ ಒಂದ ಅಂತ ತಿಳದಿದ್ದೆ."

ಅಷ್ಟಕ್ಕೇ ಹೋಗಿದ್ದರೆ ಚೆನ್ನಾಗಿತ್ತು. ವಿಡಿಯೋದಲ್ಲಿ ಮಜ್ಜಿಗೆ ಬೇಕು ಅಂತ ಇತ್ತು. ಆ ಹೆಂಗಸಿನ ಮನೆಯಲ್ಲಿ ಮಜ್ಜಿಗೆ ಇರಲಿಲ್ಲ, ಪಾಪ. ಹಾಗಾಗಿ ಒಂದು ಕಪ್ ಹಾಲಿಗೆ ಒಂದು ಚಮಚ ಲಿಂಬೆರಸ ಹಿಂಡಿ ಹತ್ತು ನಿಮಿಷ ಇಟ್ಟಳು. ನಮ್ಮವಳೂ ಹಾಗೇ ಮಾಡಿದಳು. ಹಾಲು ನಿಧಾನಕ್ಕೆ ಒಡೆಯುವುದನ್ನು ಅವ್ವ ಕಣ್ಣಾರೆ ನೋಡಿದಳು. ನಮ್ಮ ಮನೆಯಲ್ಲಿ ಹಾಲು ತಾನಾಗಿ ಒಡೆದರೇ ಅವತ್ತು ಯಾರಿಗೂ ಪ್ರಯಾಣ ಬೇಡ ಅನ್ನುತ್ತಾರೆ. ಇಲ್ಲಿ ಮೊಮ್ಮಗಳು ಎದುರಿಗೇ ನಿಂತು ಬೇಕಂತಲೇ ಒಡೆಸುತ್ತಿದ್ದಾಳೆ. "ಮಜ್ಜಿಗಿಗೆ ಅಂತ ಹಿಂಗ ಮಾಡೇನಿ ಆಯಿ" ಅಂದಾಗ ಅವ್ವ ಮಾತೇ ಆಡಲಿಲ್ಲ. ಫ್ರಿಜ್ ಬಾಗಿಲು ತೆಗೆದು, ಗಡಿಗೆ ತುಂಬ ಇದ್ದ ಮೊಸರು ತೋರಿಸಿ, ಬಾಗಿಲು ಹಾಕಿದಳು.

ನಮ್ಮ ಅಡುಗೆಮನೆಗೆ ತತ್ತಿ ಬರುವ ಹಾಗಿಲ್ಲ. ಅದರ ಕೆಲಸವನ್ನೂ ಮೊಸರೇ ಮಾಡಬೇಕಿತ್ತು. 2 ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, 1 ಕಪ್ ಮೊಸರು, ಅರ್ಧ ಕಪ್ ಎಣ್ಣೆ, ಒಂದೂವರೆ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ತಿನ್ನುವ ಸೋಡಾ. ಮೊದಲು ಸಕ್ಕರೆಗೆ ಸಿಪ್ಪೆಯ ತುರಿ ಹಾಕಿ ಬೆರಳಲ್ಲಿ ಉಜ್ಜಿದಳು. ಇಡೀ ಮನೆ ಘಮ್ಮಂತು. ನಿಜ ಹೇಳಬೇಕೆಂದರೆ ಈ ಇಡೀ ಪ್ರಕರಣದಲ್ಲಿ ಯಾರ ತಕರಾರೂ ಇಲ್ಲದ ಗಳಿಗೆ ಅದೊಂದೇ. ಅವ್ವ ಕೂಡ ಉಸಿರು ಎಳೆದುಕೊಂಡಳು. ಆಮೇಲೆ ನೆನಪಾಗಿ ಮುಖ ಗಂಟಿಕ್ಕಿದಳು.

ಸೋಡಾ ಕಂಡಾಗ ಅವ್ವನಿಗೆ ಮಾತು ಬಂತು. ಮಿರ್ಚಿ ಭಜಿ ಹಿಟ್ಟಿಗೆ ಆಕೆ ಹಾಕುವುದು ಎರಡು ಬೆರಳಿನ ಚಿಟಿಕೆ. ಇಲ್ಲಿ ಅರ್ಧ ಚಮಚ. ಮಗಳು ವಿಜ್ಞಾನ ಓದಿದವಳು. ಹುಳಿ ಸೇರಿದರೆ ಸೋಡಾದಿಂದ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅದರಿಂದ ಕೇಕು ಉಬ್ಬುತ್ತದೆ, ಹುಳಿ ಕಡಿಮೆಯಾದರೆ ಸಾಬೂನಿನ ರುಚಿ ಬರುತ್ತದೆ, ಬೇಕಿಂಗ್ ಪೌಡರ್‌ನಲ್ಲಿ ಸೋಡಾದ ಜೊತೆ ಹುಳಿಯ ಪುಡಿಯೂ ಇರುತ್ತದೆ ಅಂತೆಲ್ಲ ವಿವರಿಸಿದಳು. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಅಂದರ ಹುಳಿ ಹಾಕಿದ್ದು ಉಬ್ಬಲಿ ಅಂತ. ರುಚಿಗಲ್ಲ."

"ರುಚಿಗೂ ಹೌದು ಆಯಿ."

"ಸಿಹಿಯೊಳಗ ಹುಳಿ ಹತ್ತಿದರ ಅದು ಕೆಟ್ಟೈತಿ ಅಂತ ಚೆಲ್ಲತೀವಿ ನಾವು. ಇದು ನಮ್ಮ ಕಡಿ ತಿನಸ ಅಲ್ಲ ಬಿಡವಾ."

ಮಗಳು ಬಿಡಲಿಲ್ಲ. ಪೇಢೆ ಮಾತ್ರ ನಮ್ಮ ಕಡೆಯದಾ ಅಂತ ಕೇಳಿದಳು. ಅದನ್ನು ಧಾರವಾಡಕ್ಕೆ ತಂದವರು ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ ಮನೆತನದವರು. ಅಲ್ಲಿ ಪ್ಲೇಗ್ ಬಂದಾಗ ಊರು ಬಿಟ್ಟವರು ಅಂತ ಹೇಳುತ್ತಾರೆ. ಧಾರವಾಡದ ಲೈನ್ ಬಜಾರಿನ ಅಂಗಡಿ ಮುಂದೆ ಸಾಲಿನಲ್ಲಿ ನಿಲ್ಲುವ ಯಾರಿಗೂ ಇವತ್ತು ಅದು ಹೊರಗಿನದು ಅನ್ನಿಸುವುದಿಲ್ಲ. ನನಗೆ ಮಗಳ ಮಾತು ಗಟ್ಟಿ ಅನ್ನಿಸಿತು. ಅವ್ವ ಒಂದು ಕ್ಷಣ ಯೋಚಿಸಿದಳು.

"ಬಂದಾರ, ಖರೆ. ಆದರ ಅವರು ಪೇಢೇಕ್ಕ ಲಿಂಬಿಹಣ್ಣು ಹಿಂಡಲಿಲ್ಲಲ್ಲ. ಹಿಂಡಿದ್ದರ ಅಂದ ತಿರುಗಿ ಗಾಡಿ ಹತ್ತಬೇಕಾಗತಿತ್ತು."

ನಾನು ಓವನ್ ಖಾಲಿ ಮಾಡಲು ಹೋದೆ. ನಮ್ಮ ಓವನ್ ಅಲ್ಲಿಯವರೆಗೆ ಕರೆಂಟ್ ಬಿಲ್ಲು, ಮದುವೆ ಕಾರ್ಡು, ಗ್ಯಾಸ್ ಪುಸ್ತಕ ಇಡುವ ಕಪಾಟಾಗಿತ್ತು. ಗಾಜಿನ ಬಾಗಿಲು ಇರುವುದರಿಂದ ಯಾವ ಮದುವೆ ಹತ್ತಿರ ಬಂತು ಅಂತ ಹೊರಗಿನಿಂದಲೇ ಗೊತ್ತಾಗುತ್ತಿತ್ತು. ಅವನ್ನೆಲ್ಲ ತೆಗೆದು 180 ಡಿಗ್ರಿಗೆ ಕಾಯಲು ಇಟ್ಟೆ. ಆ ಐದು ನಿಮಿಷದಲ್ಲಿ ನನ್ನ ಬೆನ್ನ ಹಿಂದೆ ಎರಡು ಘಟನೆ ನಡೆದವು. ಒಂದು, ಮಗಳು ವಾಟಿಗಳಿಗೆ ಎಣ್ಣೆ ಸವರಲು ತಿರುಗಿದಾಗ ಅವ್ವ ಹಿಟ್ಟಿಗೆ ಯಾಲಕ್ಕಿ ಪುಡಿ ಹಾಕಿದಳು. ಎರಡು, ಹಿಟ್ಟಿನಲ್ಲಿ ಗಂಟು ಕಂಡು ತಡೆಯಲಾರದೆ, ಚಮಚ ತೆಗೆದುಕೊಂಡು ಭಜಿ ಹಿಟ್ಟಿನ ಗತ್ತಿನಲ್ಲಿ ಬಡಿದು ನುಣ್ಣಗೆ ಮಾಡಿದಳು.

ಮಫಿನ್ ಹಿಟ್ಟಿನಲ್ಲಿ ಗಂಟು ಇರಲೇಬೇಕಂತೆ. ಒಣದ್ದು ಬೇರೆ, ಹಸಿಯದ್ದು ಬೇರೆ ಕಲಸಿ, ಎರಡನ್ನೂ ಸೇರಿಸಿ ಹತ್ತು ಹನ್ನೆರಡು ಸಲ ತಿರುವಿ ಕೈಬಿಡಬೇಕು. ಜಾಸ್ತಿ ತಿರುವಿದರೆ ಮೈದಾದಲ್ಲಿನ ಗ್ಲುಟೆನ್ ಎಳೆ ಕಟ್ಟಿ ಕೇಕು ಬಿರುಸಾಗುತ್ತದೆ. ಇದನ್ನು ಅಳುವ ದನಿಯಲ್ಲಿ ಹೇಳಿದವಳು ಮಗಳು. ಅರವತ್ತು ವರ್ಷ ಗಂಟು ಒಡೆದೇ ಬದುಕಿದವರಿಗೆ ಗಂಟು ಇರಲಿ ಬಿಡು ಅಂದರೆ ಹೇಗೆ ತಿಳಿಯಬೇಕು, ನೀವೇ ಹೇಳಿ.

ವಾಟಿಗಳು ಮುಕ್ಕಾಲು ತುಂಬಿ ಸಾಲಾಗಿ ನಿಂತವು. ಹೊರಗೆ ಮೋಡ ಕಟ್ಟಿತ್ತು. ಏಪ್ರಿಲ್ ಮಧ್ಯಾಹ್ನದ ಅಡ್ಡಮಳೆ ನಮ್ಮಲ್ಲಿ ಹೇಳಿ ಕೇಳಿ ಬರುವುದಿಲ್ಲ. ಒಂದು ಗುಡುಗು, ನಾಲ್ಕು ದಪ್ಪ ಹನಿ, ಕರೆಂಟ್ ಹೋಯಿತು.

ಸೋಡಾ ಕರೆಂಟಿಗೆ ಕಾಯುವುದಿಲ್ಲ. ಮೊಸರು ಮತ್ತು ಲಿಂಬೆರಸ ತಾಗಿದ ಕ್ಷಣದಿಂದಲೇ ಅದರ ಕೆಲಸ ಶುರು. ಹಿಟ್ಟಿನ ಮೇಲೆ ಗುಳ್ಳೆ ಏಳುವುದು, ಒಡೆಯುವುದು ಕಣ್ಣಿಗೇ ಕಾಣುತ್ತಿತ್ತು. ಮಗಳು ಆ ಗುಳ್ಳೆಗಳನ್ನೇ ನೋಡುತ್ತ ಕುಳಿತಳು. ಒಂದೊಂದು ಗುಳ್ಳೆ ಒಡೆದಾಗಲೂ ಅವಳ ಮುಖ ಒಂದಿಷ್ಟು ಇಳಿಯುತ್ತಿತ್ತು. ಬೇಕಿಂಗ್ ಪೌಡರ್ ಕಾವು ತಾಗಿದಾಗ ಇನ್ನೊಂದು ಸಲ ಕೆಲಸ ಮಾಡುತ್ತದೆ, ಉಳಿದ ಆಸೆ ಅದೊಂದೇ ಅಂದಳು.

ಆಗ ಮನೆ ಉಳಿಸಿದವಳು ಅವ್ವ. ಬೇಳೆ ಬೇಯುತ್ತಿದ್ದ ಕುಕ್ಕರ್ ಇಳಿಸಿದಳು. ಬೇಳೆಯನ್ನು ಬೇರೆ ಪಾತ್ರೆಗೆ ಸುರಿದಳು. ಕುಕ್ಕರ್ ಒರೆಸಿ, ತಳಕ್ಕೆ ಉಪ್ಪು ಹರಡಿ, ಮೇಲೆ ಅಡ್ಡಣಿಗೆ ಇಟ್ಟು, ಮುಚ್ಚಳದ ರಬ್ಬರ್ ಮತ್ತು ಸೀಟಿ ತೆಗೆದು ಕಾಯಲು ಇಟ್ಟಳು. ನಾವಿಬ್ಬರೂ ಬಾಯಿ ಬಿಟ್ಟು ನೋಡಿದೆವು.

"ನಿಮ್ಮ ಓವನ್ನು ಹುಟ್ಟೂಕ್ಕಿಂತ ಮೊದಲ ನಾನು ಇದರಾಗ ನಾನಕಟಾಯಿ ಮಾಡೇನಿ" ಅಂದಳು.

ಆದರೆ ಕುಕ್ಕರಿನಲ್ಲಿ ಒಂದು ಸಲಕ್ಕೆ ಹಿಡಿಯುವುದು ನಾಲ್ಕೇ ವಾಟಿ. ಒಂದು ಸುತ್ತಿಗೆ ಅರ್ಧ ಗಂಟೆ. ಅದರ ಮೇಲೆ ಅವ್ವನಿಗೆ ಸಮಾಧಾನ ಇಲ್ಲ. "ಆತೇನು?" ಅಂತ ಐದು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತುವಳು. ಒಳಗಿನ ಕಾವು ಹೊರಗೆ ಬರುವುದು, ಅರ್ಧ ಎದ್ದ ಕೇಕು ನಡು ಕುಸಿಯುವುದು. ಮಳೆಗೆಂದು ಒಳಗೆ ಬಂದ ಪಕ್ಕದ ಮನೆ ಕಾಕಾ ಕೂಡ ಒಮ್ಮೆ ಎತ್ತಿ ನೋಡಿದರು. ಅವರಿಗೇನು ಅಧಿಕಾರ ಅಂತ ಮಾತ್ರ ಕೇಳಬೇಡಿ. ನಮ್ಮ ಕಡೆ ಪಕ್ಕದ ಮನೆಯವರಿಗೆ ಮುಚ್ಚಳ ಎತ್ತುವ ಹಕ್ಕು ಇರುತ್ತದೆ.

ಮೊದಲ ಸುತ್ತಿನವು ಉಬ್ಬಿ ಬಂದವು. ಎರಡನೇ ಸುತ್ತಿನವು ಉಬ್ಬಲೋ ಬೇಡವೋ ಅಂತ ಅನುಮಾನಿಸಿದವು. ಮೂರನೇ ಸುತ್ತಿನ ಹೊತ್ತಿಗೆ ಹಿಟ್ಟಿನಲ್ಲಿದ್ದ ಗಾಳಿಯೆಲ್ಲ ಹೋಗಿತ್ತು. ಅವು ಕೇರಂ ಸ್ಟ್ರೈಕರ್‌ನಂತೆ ಚಪ್ಪಟೆಯಾಗಿ, ವಾಟಿಯಿಂದ ಹೊರಗೆ ಬಂದು ಕಟ್ಟೆಯ ಮೇಲೆ ಟಣ್ ಅಂದವು. ಅಷ್ಟರಲ್ಲಿ ಕರೆಂಟ್ ಬಂತು. ಓವನ್ ತನ್ನಷ್ಟಕ್ಕೆ 180 ಡಿಗ್ರಿಗೆ ಕಾಯತೊಡಗಿತು.

ರುಚಿ? ಮೊದಲ ನಾಲ್ಕು ಚೆನ್ನಾಗಿದ್ದವು. ಘಮ, ಸಣ್ಣ ಹುಳಿ, ಹಿಂದಿನಿಂದ ಯಾಲಕ್ಕಿ. ಮಗಳು ಒಪ್ಪುವುದಿಲ್ಲ, ಆದರೆ ಯಾಲಕ್ಕಿ ಕೆಟ್ಟದ್ದೇನೂ ಮಾಡಿರಲಿಲ್ಲ. ಸಂಜೆ ಆಫೀಸಿನಿಂದ ಬಂದ ಹೆಂಡತಿ ಸ್ಟ್ರೈಕರ್ ಒಂದನ್ನು ಚಹಾದಲ್ಲಿ ಅದ್ದಿ, "ಟೋಸ್ಟ್ ಚಲೋ ಅದಾವ, ಯಾವ ಬೇಕರಿ?" ಅಂದಳು. ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪಕ್ಕದ ಮನೆ ಕಾಕುಗೆ ಒಂದು ವಾಟಿಯಲ್ಲಿ ಎರಡು ಕೊಟ್ಟು ಕಳಿಸಿದ್ದೆವು. ವಾಟಿ ಖಾಲಿ ತಿರುಗಿಸುವ ರೂಢಿ ನಮ್ಮಲ್ಲಿಲ್ಲ. ರಾತ್ರಿ ಅದು ಶೇಂಗಾ ಚಟ್ನಿ ತುಂಬಿಕೊಂಡು ವಾಪಸ್ ಬಂತು. ಉಳಿದ ಮಫಿನ್ನಿಗೆ ಶೇಂಗಾ ಚಟ್ನಿ, ಮೇಲೆ ಒಂದು ಚಮಚ ಗಟ್ಟಿ ಮೊಸರು ಹಾಕಿಕೊಂಡು ನಾನು ತಿಂದೆ. ಹುಳಿ, ಸಿಹಿ, ಖಾರ ಎಲ್ಲ ಒಂದೇ ತುತ್ತಿನಲ್ಲಿ. ವಿಡಿಯೋದ ಹೆಂಗಸಿಗೆ ಇದನ್ನು ತಿಳಿಸುವ ದಾರಿ ಇದ್ದಿದ್ದರೆ ಖಂಡಿತ ತಿಳಿಸುತ್ತಿದ್ದೆ.

ಇನ್ನು ಉಳಿದದ್ದು ಬೋಳು ಲಿಂಬೆಹಣ್ಣುಗಳು. ಸಿಪ್ಪೆ ತುರಿದ ಹಣ್ಣು ಬೇಗ ಒಣಗಿ ಗಟ್ಟಿಯಾಗುತ್ತದೆ. ಉಪ್ಪಿನಕಾಯಿ ಹಾಕೋಣ ಅಂದರೆ ಸಿಪ್ಪೆಯೇ ಇಲ್ಲ. ಹಾಗಾಗಿ ಚಿತ್ರಾನ್ನ ಆಯಿತು, ಶರಬತ್ತು ಆಯಿತು, ಸಾರಿಗೂ ಹಿಂಡಿದ್ದಾಯಿತು. ಎರಡು ಹಣ್ಣು ಫ್ರಿಜ್ಜಿನ ಬಾಗಿಲಲ್ಲಿ ಉಳಿದಿದ್ದಾಗ ಅಮಾವಾಸ್ಯೆ ಬಂತು. ಬಾಗಿಲಿಗೆ, ನನ್ನ ಸ್ಕೂಟರಿಗೆ ಲಿಂಬೆಹಣ್ಣು-ಮೆಣಸಿನಕಾಯಿ ಕಟ್ಟಬೇಕು. ಅವ್ವ ಒಂದು ಬೋಳು ಹಣ್ಣನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುವಿ ನೋಡಿದಳು.

"ಸಿಪ್ಪಿ ಇಲ್ಲದ್ದು ದೃಷ್ಟಿ ತಡೀತೈತೇನೋ?"

"ದೃಷ್ಟಿ ಬೀಳೂವಂಥದ್ದು ನಮ್ಮ ಮನ್ಯಾಗ ಏನೈತಿ ಆಯಿ?" ಅಂದಳು ಮಗಳು.

"ಏನೈತಿ ಅಂದರ? ಮೊನ್ನೆ ನೀ ಕೇಕ್ ಮಾಡಿದಾಗ ಆ ಕಾಕಾ ಮುಚ್ಚಳ ತಗದು ಹೆಂಗ ನೋಡಿದ, ನೋಡಿದಿಲ್ಲೋ? ಅದಕ್ಕ ಕಡೀಕ ಮಾಡಿದ್ದು ಉಬ್ಬಲಿಲ್ಲ."

ಗ್ಲುಟೆನ್ನೂ ಅಲ್ಲ, ಸೋಡಾನೂ ಅಲ್ಲ. ಮಗಳು ಈ ಸಲ ವಾದ ಮಾಡಲಿಲ್ಲ. ಅಪರಾಧಿ ಪಕ್ಕದ ಮನೆಯವನು ಅಂತ ತೀರ್ಮಾನವಾದರೆ ಅಜ್ಜಿ ಮೊಮ್ಮಗಳಿಬ್ಬರಿಗೂ ಅನುಕೂಲವೇ. ನಾನು ಚೀಲ ಹುಡುಕಿ ಚಪ್ಪಲಿ ಮೆಟ್ಟಿದೆ.

"ಸಿಪ್ಪಿ ಇದ್ದದ್ದು ನೋಡಿ ತಗೊಂಡ ಬಾ" ಅಂದಳು ಅವ್ವ.

"ಎಂಟು ಜಾಸ್ತಿ ತಾ ಪಪ್ಪಾ" ಅಂತ ಒಳಗಿನಿಂದ ಮಗಳು ಕೂಗಿದಳು.