ಮಂಗಳೂರಿಗೆ ಬರೀ 39 ನಿಮಿಷ!

ಮಂಗಳೂರಲ್ಲಿ ನೆಂಟರ ಮನೆ ಮದುವೆ. ಮಗರಾಯ ಫೋನು ಹಿಡಿದು ಬಂದ. "ಅಪ್ಪಯ್ಯ, ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ 126 ಕಿಲೋಮೀಟರ್. ವಿಮಾನದಲ್ಲಿ 39 ನಿಮಿಷ."

ಕಾಫಿ ಲೋಟ ಕೆಳಗಿಟ್ಟೆ. 40 ಅಲ್ಲ, 39! ಆ ಒಂದು ನಿಮಿಷದ ಪ್ರಾಮಾಣಿಕತೆಗೆ ಸೋತುಹೋದೆ. "ಹಂಗಾರೆ ಟಿಕೆಟ್ ಮಾಡ್ಸು ಮಾರಾಯ."

"ವಿಮಾನ ಇಲ್ಲ ಅಪ್ಪಯ್ಯ."

ವಿಮಾನ ಇಲ್ಲ, ಹಾರಾಟದ ಅವಧಿ ಇದೆ! ಲೆಕ್ಕ ಸರಳ. ಗಂಟೆಗೆ 800 ಕಿ.ಮೀ. ಓಡುವ ಜೆಟ್ಟಿಗೆ ಈ ದೂರ ಒಂಬತ್ತು ನಿಮಿಷದ ಬಾಬತ್ತು. ಏರೋಕೆ, ಇಳಿಯೋಕೆ ಅಂತ ಮೇಲೊಂದು ಮೂವತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದರು ಅಂತ ನಾವು ನಗುತ್ತಿದ್ದೆವು. ಇಲ್ಲಿ ಕೂಸಿನ ಮಾತೇ ಇಲ್ಲ, ಕುಲಾವಿಯ ಅಳತೆ ಮಾತ್ರ ಇಂಚೂ ತಪ್ಪಿಲ್ಲ.

ಹಾರಲೇಬೇಕು ಅಂತ ಹಟ ಹಿಡಿದರೆ ದಾರಿ ಇದೆ. ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು ಪೂರ್ವಕ್ಕೆ, ದೇವನಹಳ್ಳಿಗೆ ಹಾರಿ. ನೇರ ಗೆರೆ ಎಳೆದರೂ 237 ಕಿ.ಮೀ. ಅಲ್ಲಿ ದುಬಾರಿ ದೋಸೆ ತಿಂದು, ಮತ್ತೆ 300 ಚಿಲ್ಲರೆ ಕಿ.ಮೀ. ವಾಪಸ್ ಹಾರಿ. ಮೂಗು ಮುಖದ ಮೇಲೇ ಇದೆ, ಕೈ ಮಾತ್ರ ಬೆಂಗಳೂರು ಸುತ್ತಿಕೊಂಡು ಬರಬೇಕು.

ನಮ್ಮಜ್ಜನೂ ದೂರ ಹೇಳುತ್ತಿದ್ದ. "ಇಲ್ಲೇ, ಒಂದು ಕವಳ ಮುಗಿಯೋಷ್ಟು ದೂರ" ಅನ್ನುತ್ತಿದ್ದ. ಅವನ ಹಿಂದೆ ಹೊರಟರೆ ಎರಡು ಹಳ್ಳ, ಒಂದು ಗುಡ್ಡ, ಕಾಲಿಗೆ ಏಳೆಂಟು ಉಂಬಳ. ಕವಳ ಮೂರು ಸಲ ಬದಲಾಗುತ್ತಿತ್ತು. ಆದರೂ ಅಜ್ಜ ಹೇಳಿದ ಊರಿಗೆ ನಾವು ತಲುಪುತ್ತಿದ್ದೆವು ಅನ್ನೋದು ಬೇರೆ ಮಾತು.

ನಮ್ಮ ನಿಲ್ದಾಣಕ್ಕೇನೂ ಕೊರತೆಯಿಲ್ಲ. ಕಮಲದಾಕಾರದ ಟರ್ಮಿನಲ್, ಮೂರು ಕಿ.ಮೀ. ದಾಟಿದ ರನ್‌ವೇ, ಕುವೆಂಪು ಹೆಸರು. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ, ಮೊದಲ ಪ್ರಯಾಣಿಕ ವಿಮಾನ ಇಳಿದಿದ್ದು ಆಗಸ್ಟ್ 31ಕ್ಕೆ. ಗೃಹಪ್ರವೇಶವಾಗಿ ಆರು ತಿಂಗಳಿಗೆ ಒಲೆ ಹಚ್ಚಿದ ಮನೆ. ಮೋಡ ಕವಿದರೆ ವಿಮಾನ ನಮ್ಮ ತಲೆ ಮೇಲೇ ಪ್ರದಕ್ಷಿಣೆ ಹಾಕಿ ಬಂದ ದಾರಿ ಹಿಡಿದದ್ದೂ ಉಂಟು. ಮಲೆನಾಡಲ್ಲಿ ಮೋಡ ಕವಿಯುತ್ತದೆ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇ?

ರೈಲು? ನಮ್ಮ ಹಳಿ ತಾಳಗುಪ್ಪಕ್ಕೆ ಹೋಗಿ ಮುಗಿಯುತ್ತದೆ. ಮಂಗಳೂರಿಗೆ ಬೇಕಾದರೆ ಅರಸೀಕೆರೆ, ಹಾಸನ, ಸಕಲೇಶಪುರ ಅಂತ ಸುತ್ತಬೇಕು.

ಉಳಿದಿದ್ದು ಆಗುಂಬೆ. ತೀರ್ಥಹಳ್ಳಿ ಕಡೆಯವರು ಎದೆನೋವು ಬಂದವರನ್ನು ಮಣಿಪಾಲಕ್ಕೆ ಇಳಿಸುವುದು ಇದೇ ಘಾಟಿಯಲ್ಲಿ. ಒಂದೊಂದು ತಿರುವಿಗೂ ಆಂಬುಲೆನ್ಸ್ ನಿಧಾನ ಆಗುತ್ತದೆ, ಎದುರಿನ ಗಾಡಿ ಹಿಂದೆ ಸರಿಯಬೇಕು, ಒಳಗೆ ಮಗನೊಬ್ಬ ಡ್ರಿಪ್ ಬಾಟಲಿ ಎತ್ತಿ ಹಿಡಿದು ಕೂತಿರುತ್ತಾನೆ. ಮಳೆಗಾಲದಲ್ಲಿ ಧರೆ ಕುಸಿದರೆ ಅದೂ ಬಂದ್. ಅವನಿಗೆ ಹೇಳಿ ನೋಡೋಣ, 39 ನಿಮಿಷ ಅಂತ. ಎಷ್ಟು ಚುನಾವಣೆ ಆಯಿತು, ಎಷ್ಟು ಸರ್ವೆ ಆಯಿತು. ನನಗಂತೂ ಎಣಿಸೋಕೆ ಬೇಜಾರು.

ಇರಲಿ, ಮದುವೆಗೆ ಹೋಗಬೇಕಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹೊರಡುವುದು ಅಂತಾಗಿದೆ. ನನ್ನವಳು ಚೀಲಕ್ಕೆ ಎರಡು ನಿಂಬೆಹಣ್ಣು ಹಾಕಿದ್ದಾಳೆ. ಹದಿನಾಲ್ಕು ತಿರುವಿಗೆ ಒಂದು ಸಾಲದಂತೆ.