ಬೆಟ್ಟದ ಮೇಲೆ ಕಾಣುವುದೆಲ್ಲ ಹೊಗೆಯಲ್ಲ

ನಂಬಿಕೆಗಳನ್ನು ತೂಗಿ ನೋಡಲು ತತ್ವಶಾಸ್ತ್ರ ಕಲಿಸಬೇಕು ಎಂದು ವಾದಿಸುವ ಲೇಖನವೊಂದನ್ನು ಓದಿದೆ. ಮಾತು ಸರಿ. ಆದರೆ ಅದರ ಉದಾಹರಣೆಗಳೆಲ್ಲ ಗ್ರೀಸಿನವೇ ಏಕೆ? ತರ್ಕವನ್ನು ಕಲಿಸುವ ನಮ್ಮ ನ್ಯಾಯಶಾಸ್ತ್ರದ ಹಳೆಯ ಪಾಠವಿದೆಯಲ್ಲ: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ. ನಮ್ಮ ತೀರ್ಥಹಳ್ಳಿಯ ಕಡೆ ಮಳೆಗಾಲದ ಬೆಳಿಗ್ಗೆ ಗುಡ್ಡದಿಂದ ಹೊಗೆಯಂತೆ ಏಳುವುದು ಬರೀ ಮಂಜು. ಹೇತು, ಅಂದರೆ ಕಾರಣವಾಗಿ ತೋರಿಸಿದ ಹೊಗೆಯೇ ಅಲ್ಲಿಲ್ಲ. ನ್ಯಾಯಶಾಸ್ತ್ರದ ಪಂಡಿತರಾದ ನೈಯಾಯಿಕರು ಇಂಥದನ್ನು 'ಅಸಿದ್ಧ' ಎಂಬ ಹೇತ್ವಾಭಾಸ, ಅಂದರೆ ತರ್ಕದೋಷ, ಎಂದರು. ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂದರೂ ತಪ್ಪು. ಅಡಿಕೆ ಬೇಯಿಸುವ ಒಲೆಗೆ ಹಸಿ ಸೌದೆ ತುರುಕಿದರೆ ಕಣ್ಣು ಬಿಡಲಾಗದು. ನಿಗಿನಿಗಿ ಕೆಂಡವಾದ ಮೇಲೆ ಹೊಗೆಯ ಸುಳಿವೇ ಇಲ್ಲ. ಹಸಿ ಸೌದೆ ಎಂಬ ಆ ಒಳಶರತ್ತಿಗೆ 'ಉಪಾಧಿ' ಎಂದು ಹೆಸರು. ಅಜ್ಜಿಗೆ ಹೇಳಿದರೆ "ಅದಕ್ಕೂ ಶಾಸ್ತ್ರ ಬೇಕೇನೋ?" ಎಂದು ನಕ್ಕಾಳು.

ಬೇಕಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನೇ ನೋಡಿ. ಮಂಗ ಸತ್ತ ಕಡೆ ಜನರಿಗೂ ಜ್ವರ, ಆದ್ದರಿಂದ ಮಂಗವೇ ಕಾರಣ ಎಂದು ವಾದಿಸುವವರು ನಮ್ಮೂರ ಚಹಾ ಅಂಗಡಿಯಲ್ಲಿ ಈಗಲೂ ಇದ್ದಾರೆ. ಮಂಗವೂ ನಮ್ಮಂತೆಯೇ ರೋಗಿ. ಕಚ್ಚಿ ಸೋಂಕು ಹಬ್ಬಿಸುವ ಉಣುಗು ಸಾಸಿವೆಗಿಂತ ಚಿಕ್ಕದಿರಬಹುದು, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮಂಗವನ್ನು ಬೈದುಕೊಂಡು, ಉಣುಗನ್ನು ದೂರವಿಡುವ ತೈಲವನ್ನು ಮೈಗೆ ಹಚ್ಚದೆ ತರಗೆಲೆ ತರಲು ಕಾಡಿಗೆ ಹೋಗುತ್ತಾರೆ.

ಒಂದು ತಕರಾರು ಮಾತ್ರ ಉಳಿಯಿತು. ದೋಷಗಳ ಹೆಸರು ಕಲಿತ ಹುಡುಗರು ಅವನ್ನು ಎದುರಾಳಿಯ ಮಾತಿನಲ್ಲಷ್ಟೇ ಹುಡುಕುತ್ತಾರೆ. ಕಾಲೇಜಿನಲ್ಲಿದ್ದಾಗ ನಾನೂ ಅಡಿಕೆಯ ಕೊಳೆರೋಗದ ಬಗ್ಗೆ ಚಿಕ್ಕಪ್ಪ ಹೂಡಿದ ವಾದದಲ್ಲಿ ಐದು ದೋಷ ಪಟ್ಟಿ ಮಾಡಿದ್ದೆ. ಆದರೆ ಆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹೊಡೆಯುವುದು ತಡವಾಯಿತು ಎಂಬ ಅವರ ಮಾತು ನಿಜವಾಗಿತ್ತು.